ಬಸವಣ್ಣನವರ ವಂಶ: ಶಾಸನದಲ್ಲಿ, ವಚನದಲ್ಲಿ

ಹೆಳವರು ಎತ್ತಿನೊಡನೆ ಮನೆಯಂಗಳಕ್ಕೆ ಬಂದು ನಮ್ಮ ಹಿರಿಯರ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ಒಪ್ಪಿಸುವಾಗ ಮನಸ್ಸು ಹಿಗ್ಗುವುದು ಸಹಜ. ಬಸವಣ್ಣನವರ ವಂಶವನ್ನು ಅರಸಿ ಹೊರಟರೆ ಮಾತ್ರ ದಾರಿ ಎರಡಾಗಿ ಒಡೆಯುತ್ತದೆ.

ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ಸೇವುಣ ಅರಸ ಕನ್ನರನ ಕಾಲದ, ಕ್ರಿ.ಶ. 1260ರ ಶಾಸನವೊಂದಿದೆ. ಬಾಗೇವಾಡಿಯ ಮಾದಿರಾಜರ ಮಗ ಸಂಗನಬಸವನನ್ನು ಅದು ಹೆಸರಿಸುತ್ತದೆ; ಅಣ್ಣ ದೇವರಾಜರ ಪೀಳಿಗೆಯನ್ನೂ ತಿಳಿಸುತ್ತದೆ. ಬಸವಣ್ಣನವರು ಪುರಾಣಪುರುಷರಷ್ಟೇ ಎಂಬ ಸಂಶಯಕ್ಕೆ ಈ ಕಲ್ಲು ಬಲವಾದ ಉತ್ತರ. ಆದುದರಿಂದ ವಂಶಾವಳಿಯ ಅಧ್ಯಯನವನ್ನು ಹಗುರವಾಗಿ ಕಾಣಲಾಗದು.

ಆದರೆ ಬಸವಣ್ಣನವರು ತಾವೇ ತಮ್ಮ ವಂಶವನ್ನು ಹೇಳಿಕೊಳ್ಳುವ ವಚನದಲ್ಲಿ ಮಾದಿರಾಜರ ಹೆಸರಿಲ್ಲ, ದೇವರಾಜರ ಹೆಸರೂ ಇಲ್ಲ. ಅಲ್ಲಿ ತಂದೆಯ ಸ್ಥಾನದಲ್ಲಿರುವವರು ಮಾದಾರ ಚೆನ್ನಯ್ಯನವರು. ಹಿರಿಯರ ಸಾಲಿನಲ್ಲಿ ಚರ್ಮ ಹದಮಾಡುವ ಕಾಯಕದ ಡೋಹರ ಕಕ್ಕಯ್ಯನವರು. ಅಣ್ಣ ಕಿನ್ನರಿ ಬೊಮ್ಮಯ್ಯನವರು. ಇದು ಬರಿಯ ವಿನಯದ ಮಾತೆಂದು ಕೆಲವರು ಹೇಳುವುದುಂಟು. ನಾವು ಒಪ್ಪುವುದಿಲ್ಲ. ಲಿಂಗದೀಕ್ಷೆ ಪಡೆದವನು ಗುರುಕರಜಾತನೆಂದ ಮೇಲೆ ಅವನ ಬಂಧುಗಳು ಶರಣರೇ ಆಗಬೇಕಷ್ಟೆ.

ಸಂಬಂಧ ಕೂಡಿಸುವ ಮುನ್ನ ಒಳಪಂಗಡವನ್ನೂ ಬೆಡಗನ್ನೂ ವಿಚಾರಿಸುತ್ತ ಭಕ್ತರು ಇಂದಿಗೂ ಮಠಕ್ಕೆ ಬರುತ್ತಾರೆ. ಆಗೆಲ್ಲ ಈ ವಚನ ನೆನಪಾಗಿ ಮನ ನೋಯುತ್ತದೆ.