‘ಫ್ರೀಡಂ’ ಪಕ್ಕದ ಪದ

ಹೋದ ಆಗಸ್ಟ್ 15ಕ್ಕೆ ನಮ್ಮ ಹಾಸ್ಟೆಲಿನ ಹುಡುಗರು ನನಗೊಂದು ಕೆಲಸ ಹಚ್ಚಿದರು. ಬಾವುಟ ಏರಿಸುವ ಮೊದಲು ಅರ್ಧ ಗಂಟೆ ಸ್ಪೀಕರಿನಲ್ಲಿ ಹಾಕಲು ಹಾಡುಗಳ ಪಟ್ಟಿ ಬೇಕಿತ್ತು. ‘ಸಿನಿಮಾದ್ದು ಬೇಡ ಅಣ್ಣ, ಕೇಳಿ ಕೇಳಿ ಸಾಕಾಗಿದೆ. ಸ್ವಾತಂತ್ರ್ಯದ್ದೇ ಆಗಿರಲಿ, ಆದರೆ ಬೇರೆ ಥರ ಇರಲಿ’ ಅಂದರು. ನಾನು ಹಟಕ್ಕೆ ಬಿದ್ದು ಅಮೆರಿಕದ ಕಪ್ಪು ಜನರ ಹಾಡುಗಳನ್ನು ಹುಡುಕಿದೆ. ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ: ಹಾಡಿನ ಹೆಸರಿನಲ್ಲಿ ‘ಫ್ರೀಡಂ’ ಎಂಬ ಪದ ಇರಬೇಕು.

ಊರಿನಲ್ಲಿ, ಮನೆ ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಅವನ್ನು ಕೇಳುತ್ತಿದ್ದೆ. ಸೊಪ್ಪು ಬಿಡಿಸುತ್ತಿದ್ದ ಅವ್ವ ಕೇಳಿದಳು: ‘ಅದೇನ್ಲಾ ಮಗ, ಎಲ್ಲಾ ಹಾಡ್ನಲ್ಲೂ ಪ್ರೀಡಂ ಪ್ರೀಡಂ ಅಂತವ್ರೆ?’

‘ಬಿಡುಗಡೆ ಅಂತ ಕಣವ್ವ.’

‘ಬುಡುಗಡೆ ಒಂದ್ಸಲ ಸಿಕ್ಕುದ್ರೆ ಸಾಕಲ್ವಾ? ಅಷ್ಟೊಂದು ಸಲ ಯಾಕ್ ಹಾಡ್ತಾರೆ?’

ನನ್ನ ಬಿ.ಎ. ಡಿಗ್ರಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಹಾಡುಗಳ ಹೆಸರುಗಳನ್ನೇ ಮತ್ತೆ ಮತ್ತೆ ನೋಡಿದೆ. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ‘ಫ್ರೀಡಂ’ ಪದ ಒಂಟಿಯಾಗಿ ನಿಂತಿರುವುದು ಕಡಿಮೆ. ಪಕ್ಕದಲ್ಲಿ ಇನ್ನೊಂದು ಪದ ಇರುತ್ತದೆ. ‘ಓ’ ಇರುತ್ತದೆ, ‘ಡೇ’ ಇರುತ್ತದೆ, ‘ನೌ’ ಇರುತ್ತದೆ, ‘ಹೈವೇ’ ಇರುತ್ತದೆ. ಆ ಪಕ್ಕದ ಪದ ಯಾವಾಗ ಬದಲಾಯಿತು, ಯಾಕೆ ಬದಲಾಯಿತು ಎಂದು ಹಿಡಿದು ಹೊರಟರೆ ಒಂದು ಜನಾಂಗದ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ಮೊದಲನೆಯದು ‘ಓ ಫ್ರೀಡಂ’. ಇದನ್ನು ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ. ಅಮೆರಿಕದ ಅಂತರ್ಯುದ್ಧ ಮುಗಿದ ಕಾಲದಲ್ಲಿ, ಹತ್ತಿ ಹೊಲಗಳಿಂದ ಹೊರಬಂದ ಜನರ ಬಾಯಲ್ಲಿ ಹುಟ್ಟಿದ್ದು. ಅಧ್ಯಕ್ಷ ಲಿಂಕನ್ 1863ರ ಜನವರಿ 1ರಂದು ವಿಮೋಚನೆಯ ಘೋಷಣೆ ಹೊರಡಿಸಿದ. ಅದು ದಂಗೆಯೆದ್ದ ರಾಜ್ಯಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1865ರಲ್ಲಿ ಸಂವಿಧಾನದ 13ನೇ ತಿದ್ದುಪಡಿ ಬಂದು ಗುಲಾಮಗಿರಿ ಇಡೀ ದೇಶದಲ್ಲಿ ರದ್ದಾಯಿತು. ಸುಮಾರು 40 ಲಕ್ಷ ಜನ ಕಾಗದದ ಮೇಲೆ ಮನುಷ್ಯರಾದರು. ಆದರೆ ಆ ತಿದ್ದುಪಡಿಯ ಹೊಟ್ಟೆಯೊಳಗೇ ಒಂದು ಕಳ್ಳಗಿಂಡಿ ಇತ್ತು. ಅಪರಾಧಕ್ಕೆ ಶಿಕ್ಷೆಯಾಗಿ ಮಾತ್ರ ದುಡಿಸಿಕೊಳ್ಳಬಹುದು ಎಂಬ ವಿನಾಯಿತಿ. ಈ ಗಿಂಡಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಇದು ಮತ್ತೆ ಬರುತ್ತದೆ.

‘ಓ’ ಅನ್ನುವುದು ಮಾತಲ್ಲ, ಕರೆ. ದೂರದಲ್ಲಿರುವವರನ್ನು ಕೂಗುವ ಹಾಗೆ. ಗುಲಾಮಗಿರಿಗಿಂತ ಸಾವು ಮೇಲು ಎಂಬುದು ಆ ಹಾಡಿನ ಭಾವ. ಕಾಯಿದೆ ಬಂದ ಮೇಲೂ ಜನ ಸಾವಿನ ಆಚೆಗಿನ ಬಿಡುಗಡೆಯನ್ನೇ ಕೂಗಿ ಕರೆದರು ಅಂದರೆ, ಈಚೆಗಿನದು ಅವರ ಕೈಗೆ ಸಿಕ್ಕಿರಲಿಲ್ಲ ಅಂತಲೇ ಅರ್ಥ. ಭೂಮಿ ಹಳೆಯ ಒಡೆಯರ ಕೈಯಲ್ಲೇ ಉಳಿಯಿತು. ಬಿಡುಗಡೆಯಾದವನು ಅದೇ ಹೊಲದಲ್ಲಿ ವಾರಕ್ಕೆ ಗೇಯುತ್ತಾ ಸಾಲಗಾರನಾದ. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕಪ್ಪು ಬಿಳಿಯರಿಗೆ ಬೇರೆ ಬೇರೆ ರೈಲು ಡಬ್ಬಿ ಇಟ್ಟರೆ ತಪ್ಪಿಲ್ಲ ಅಂತ ತೀರ್ಪು ಕೊಟ್ಟಿತು. ಆಮೇಲೆ ಶಾಲೆ ಬೇರೆ, ನಲ್ಲಿ ಬೇರೆ, ಸ್ಮಶಾನವೂ ಬೇರೆ. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಹಾಡನ್ನು 1956ರಲ್ಲಿ ಒಡೆಟ್ಟಾ ಎಂಬ ಗಾಯಕಿ ತಮ್ಮ ದೊಡ್ಡ ದನಿಯಲ್ಲಿ ರೆಕಾರ್ಡು ಮಾಡಿದರು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದ ಮೆರವಣಿಗೆಯಲ್ಲೂ ಇದು ಮೊಳಗಿತು. ಘೋಷಣೆಯಾಗಿ ಸರಿಯಾಗಿ ನೂರು ವರ್ಷ ಆಗಿತ್ತು. ನೂರು ವರ್ಷ ಕಳೆದರೂ ‘ಓ’ ಅಂತಲೇ ಕೂಗಬೇಕಿತ್ತು.

ಎರಡನೆಯದು ‘ಫ್ರೀಡಂ ಸೂಟ್’. ಸೂಟ್ ಅಂದರೆ ಇಲ್ಲಿ ಕೋಟು ಪ್ಯಾಂಟಲ್ಲ. ಹಲವು ಭಾಗಗಳನ್ನು ಒಂದಕ್ಕೊಂದು ಹೆಣೆದ ದೊಡ್ಡ ಸಂಗೀತ ರಚನೆ. 1958ರಲ್ಲಿ ಸ್ಯಾಕ್ಸಫೋನ್ ನುಡಿಸುವ ಸೋನಿ ರೋಲಿನ್ಸ್ ಇದನ್ನು ರಚಿಸಿದರು. 19 ನಿಮಿಷಕ್ಕೂ ಹೆಚ್ಚು, ರೆಕಾರ್ಡಿನ ಒಂದಿಡೀ ಮಗ್ಗಲು. ಇದರಲ್ಲಿ ಮಾತೇ ಇಲ್ಲ. ಒಂದು ಸ್ಯಾಕ್ಸಫೋನು, ಒಂದು ದೊಡ್ಡ ತಂತಿವಾದ್ಯ, ಒಂದು ಡ್ರಮ್ಮು, ಅಷ್ಟೆ. ಆ ಕಾಲಕ್ಕಾಗಲೇ ಹೆಸರುವಾಸಿಯಾಗಿದ್ದ ರೋಲಿನ್ಸ್‌ಗೆ ನ್ಯೂಯಾರ್ಕಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಮೈಬಣ್ಣ ಅಡ್ಡ ಬಂತು. ಅಮೆರಿಕದ ಸಂಸ್ಕೃತಿಯನ್ನು ಕಟ್ಟಿಕೊಟ್ಟ ಜನರನ್ನೇ ಅಮೆರಿಕ ತುಳಿಯುತ್ತಿದೆ ಎಂಬರ್ಥದ ಮಾತನ್ನು ಅವರು ರೆಕಾರ್ಡಿನ ಹೊದಿಕೆಯ ಮೇಲೆ ಅಚ್ಚು ಹಾಕಿಸಿದರು.

ಮುಂದೆ ನಡೆದದ್ದು ಗಮನಿಸಬೇಕಾದ್ದು. ಕಂಪನಿ ಆ ರೆಕಾರ್ಡನ್ನು ಸ್ವಲ್ಪ ಕಾಲದಲ್ಲೇ ಹಿಂದಕ್ಕೆ ತೆಗೆದುಕೊಂಡು, ಇನ್ನೊಂದು ಮಗ್ಗುಲಲ್ಲಿದ್ದ ‘ಶ್ಯಾಡೋ ವಾಲ್ಟ್ಸ್’ ಎಂಬ ಹಾಡಿನ ಹೆಸರಿಟ್ಟು ಮತ್ತೆ ಮಾರಾಟಕ್ಕೆ ಬಿಟ್ಟಿತು. ಒಳಗೆ ಅದೇ ಸಂಗೀತ. ಹೊರಗೆ ಮಾತ್ರ ‘ಫ್ರೀಡಂ’ ಇಲ್ಲ. ಒಂದಕ್ಷರ ಮಾತಾಡದ ವಾದ್ಯಸಂಗೀತಕ್ಕೂ ಆ ಪದ ಅಂಟಿಕೊಂಡರೆ ಮಾರುವವರಿಗೆ ಭಯ!

ನಾನು ಎಂ.ಎ. ಓದಲೆಂದು ಮೈಸೂರಿಗೆ ಬಂದು ರೂಮು ಹುಡುಕುವಾಗ ಒಬ್ಬ ಯಜಮಾನರು ನನ್ನ ಮಾರ್ಕ್ಸು ಕೇಳಿ ತುಂಬಾ ಸಂತೋಷಪಟ್ಟರು. ಕಾಫಿ ಕೊಟ್ಟರು. ಆಮೇಲೆ ‘ನೀವು ಯಾವ ಪೈಕಿ?’ ಅಂದರು. ಹೇಳಿದೆ. ರೂಮು ಸಂಜೆಯೊಳಗೆ ಬೇರೆಯವರಿಗೆ ಹೋಗಿಬಿಟ್ಟಿತು. ಸುಳ್ಳು ಹೆಸರು ಹೇಳಿದ್ದರೆ ಸಿಗುತ್ತಿತ್ತು. ನಮಗೂ ‘ಶ್ಯಾಡೋ ವಾಲ್ಟ್ಸ್’ ಆಗಿ ಬನ್ನಿ ಅಂತಲೇ ಈ ಸಮಾಜ ಹೇಳುತ್ತಿರುವುದು.

ಆ ರೆಕಾರ್ಡಿನಲ್ಲಿ ಡ್ರಮ್ಮು ಬಾರಿಸಿದವರು ಮ್ಯಾಕ್ಸ್ ರೋಚ್. ಎರಡು ವರ್ಷದ ನಂತರ, 1960ರಲ್ಲಿ, ಅವರು ತಮ್ಮದೇ ಒಂದು ಸೂಟ್ ಹೊರತಂದರು. ಅದರ ಹೆಸರಿನಲ್ಲಿ ‘ಫ್ರೀಡಂ’ ಪಕ್ಕಕ್ಕೆ ಹೊಸ ಪದ ಬಂತು: ‘ಫ್ರೀಡಂ ನೌ’. ಬಿಡುಗಡೆ, ಈಗಲೇ! ಈ ‘ಈಗಲೇ’ ಆಕಾಶದಿಂದ ಉದುರಿದ್ದಲ್ಲ. ಅದೇ ವರ್ಷ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಎಂಬ ಊರಿನಲ್ಲಿ ನಾಲ್ಕು ಮಂದಿ ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯಲ್ಲಿ ಕೂತು ಕಾಫಿ ಕೇಳಿದ್ದರು. ಕೊಡಲಿಲ್ಲ. ಅವರು ಏಳಲಿಲ್ಲ. ಎರಡು ಲೋಟದ ಹೋಟೆಲು ನೋಡಿದ ನಮಗೆ ಆ ಕಾಫಿಯ ಬೆಲೆ ಗೊತ್ತು. ರೋಚ್ ಅವರ ರೆಕಾರ್ಡಿನ ಹೊದಿಕೆಯ ಮೇಲೆ ಇದೇ ಚಿತ್ರ: ಊಟದ ಕಟ್ಟೆಯಲ್ಲಿ ಕೂತ ಮೂವರು ಕಪ್ಪು ಗಂಡಸರು ಕ್ಯಾಮೆರಾವನ್ನೇ ನೇರವಾಗಿ ದಿಟ್ಟಿಸುತ್ತಿದ್ದಾರೆ. ದಕ್ಷಿಣ ಆಫ್ರಿಕದ ಶಾರ್ಪ್‌ವಿಲ್‌ನಲ್ಲಿ ಮಾರ್ಚ್ 21ರಂದು ಪೊಲೀಸರ ಗುಂಡಿಗೆ 69 ಜನ ಸತ್ತದ್ದೂ ಅದೇ ವರ್ಷ. ಸೂಟಿನ ಕೊನೆಯ ಭಾಗ ಜೋಹಾನ್ಸ್‌ಬರ್ಗಿಗಾಗಿ ಸುರಿಸಿದ ಕಣ್ಣೀರು.

ಇದರಲ್ಲೇ ‘ಫ್ರೀಡಂ ಡೇ’ ಎಂಬ ಹಾಡಿದೆ. ಬರೆದವರು ಆಸ್ಕರ್ ಬ್ರೌನ್, ಹಾಡಿದವರು ಆ್ಯಬಿ ಲಿಂಕನ್. ಹೆಸರು ಕೇಳಿದರೆ ಹಬ್ಬದ ಹಾಡು ಅನ್ನಿಸುತ್ತದೆ. ಅಲ್ಲ. ಬಿಡುಗಡೆಯ ಸುದ್ದಿ ಗಾಳಿಮಾತಾಗಿ ಬಂದಾಗ ನಂಬಬೇಕೋ ಬೇಡವೋ ತಿಳಿಯದ ಗುಲಾಮರ ತಳಮಳ ಅದು. ಅದನ್ನು ಕೇಳುವಾಗ ನನಗೆ ನಮ್ಮ ತಾತ ನೆನಪಾಗುತ್ತಾರೆ. ತಾತ ಜೀತಕ್ಕಿದ್ದವರು. ಜೀತ ರದ್ದು ಕಾಯಿದೆ 1976ರಲ್ಲಿ ಬಂತು. ‘ಇನ್ಮೇಲೆ ಹೋಗಂಗಿಲ್ವಂತೆ’ ಅಂತ ಯಾರೋ ಸಂತೆಯಲ್ಲಿ ಹೇಳಿದರಂತೆ. ಮಾರನೇ ದಿನ ಕೋಳಿ ಕೂಗುವ ಹೊತ್ತಿಗೆ ತಾತ ಎದ್ದು, ಎಂದಿನಂತೆ ಒಡೆಯರ ಕೊಟ್ಟಿಗೆಗೇ ಹೋಗಿ ಸಗಣಿ ಬಾಚಿದರಂತೆ. ‘ಸುಳ್ಳಾಗಿದ್ರೆ ಏನ್ಮಾಡೋದು?’ ಅನ್ನುತ್ತಿದ್ದರು. ಕಾಯಿದೆ ಸರ್ಕಾರದ ಕಾಗದಕ್ಕೆ ಬಂದ ದಿನ ಬೇರೆ, ಅದು ಕೊಟ್ಟಿಗೆಗೆ ಬಂದ ದಿನ ಬೇರೆ. ಟೆಕ್ಸಾಸಿನ ಗ್ಯಾಲ್ವೆಸ್ಟನ್ನಿನಲ್ಲಿ ಗುಲಾಮರಿಗೆ ಲಿಂಕನ್ನನ ಘೋಷಣೆಯನ್ನು ಜಾರಿಗೊಳಿಸುವ ಆಜ್ಞೆ ಓದಿದ್ದು 1865ರ ಜೂನ್ 19ರಂದು, ಎರಡೂವರೆ ವರ್ಷ ತಡವಾಗಿ. ಆ ದಿನಕ್ಕೆ ಅಮೆರಿಕ ಸರ್ಕಾರ ರಜೆ ಕೊಟ್ಟಿದ್ದು 2021ರಲ್ಲಿ.

ಅದೇ ಸೂಟಿನ ಮಧ್ಯದಲ್ಲಿ ಒಂದು ಕಡೆ ಆ್ಯಬಿ ಲಿಂಕನ್ ಹಾಡುವುದೇ ಇಲ್ಲ. ಡ್ರಮ್ಮಿನ ಏಟಿಗೆ ಎದುರಾಗಿ ಒಂದು ನಿಮಿಷಕ್ಕೂ ಹೆಚ್ಚು ಕಾಲ ಚೀರುತ್ತಾರೆ. ಸಂಗೀತ ಬಲ್ಲ ಮಡಿವಂತರು ಇದೆಂಥ ಸಂಗೀತ ಅನ್ನಬಹುದು. ತಮಟೆಯನ್ನು ಗದ್ದಲ ಅಂದವರೂ ಇವರೇ ಅಲ್ಲವೇ?

ಇಲ್ಲಿಯವರೆಗೆ ಹೇಳಿದ್ದು ರೆಕಾರ್ಡಿನ ಮಾತು. ಹಾಡು ಬೀದಿಗೆ ಇಳಿದ ಮೇಲೆ ಇನ್ನೊಂದು ಸಂಗತಿ ನಡೆಯಿತು. ಅಲ್ಲಿ ಜನ ಹಳೆಯ ಚರ್ಚಿನ ಹಾಡಿನಿಂದ ಒಂದು ಪದ ಕಿತ್ತು, ಆ ಜಾಗಕ್ಕೆ ‘ಫ್ರೀಡಂ’ ನೆಟ್ಟರು. 1961ರ ಮೇ ತಿಂಗಳಲ್ಲಿ ‘ಫ್ರೀಡಂ ರೈಡರ್ಸ್’ ಎಂಬ ಯುವಕ ಯುವತಿಯರು, ಕಪ್ಪು ಬಿಳಿಯರು ಜೊತೆಯಾಗಿ, ದಕ್ಷಿಣದ ರಾಜ್ಯಗಳಿಗೆ ಬಸ್ಸಿನಲ್ಲಿ ಹೊರಟರು. ಅಲಬಾಮಾದಲ್ಲಿ ಒಂದು ಬಸ್ಸಿಗೇ ಬೆಂಕಿ ಇಟ್ಟರು. ಮಿಸಿಸಿಪ್ಪಿಯ ಜ್ಯಾಕ್ಸನ್ನಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಜೈಲಿಗೆ ತುಂಬಿದರು. ಮುಂಜಾನೆ ಎದ್ದಾಗ ಮನಸ್ಸು ಯೇಸುವಿನಲ್ಲಿ ನೆಟ್ಟಿದೆ ಎಂಬ ಭಕ್ತಿಗೀತೆಯೊಂದು ಎಲ್ಲರಿಗೂ ಗೊತ್ತಿತ್ತು. ಜೈಲಿನಲ್ಲಿದ್ದ ಒಬ್ಬ ಪಾದ್ರಿಯೇ ಯೇಸುವಿನ ಜಾಗಕ್ಕೆ ಫ್ರೀಡಂ ತಂದರು! ಅಲ್ಲಿಂದ ಅವರಲ್ಲಿ ಹಲವರನ್ನು ಪಾರ್ಚ್‌ಮನ್ ಎಂಬ ದೊಡ್ಡ ಜೈಲಿಗೆ ಸಾಗಿಸಿದರು. ಅಲ್ಲೂ ಹಾಡು ನಿಲ್ಲಲಿಲ್ಲ. ಹಾಡಿದರೆ ಹಾಸಿಗೆ ಕಿತ್ತುಕೊಳ್ಳುತ್ತೇವೆ ಅಂದರು ಕಾವಲಿನವರು. ಕಿತ್ತುಕೊಂಡರು. ಕಬ್ಬಿಣದ ಮಂಚದ ಮೇಲೆ ಮಲಗಿ ಹಾಡಿದರು.

ಅದೇ ವರ್ಷ ಜಾರ್ಜಿಯಾದ ಆಲ್ಬನಿ ಊರಿನಲ್ಲಿ ಬರ್ನೀಸ್ ಜಾನ್ಸನ್ ಎಂಬ ಕಾಲೇಜು ಹುಡುಗಿಯನ್ನು ಸಭೆಯಲ್ಲಿ ಹಾಡು ಎತ್ತಲು ಹೇಳಿದರು. ಗಾಳಿಯಲ್ಲಿ ತೊಂದರೆ ಕಾಣುತ್ತಿದೆ ಎಂಬ ಹಳೆಯ ಹಾಡನ್ನು ಎತ್ತಿದಳು. ಹಾಡುತ್ತಾ ಹಾಡುತ್ತಾ ‘ತೊಂದರೆ’ ಎಂಬ ಪದ ಬಾಯಿಗೆ ಬರಲಿಲ್ಲ, ‘ಫ್ರೀಡಂ’ ಬಂತು. ಚಳವಳಿಗೆ ಇಳಿದು ಬಂಧನಕ್ಕೊಳಗಾದ ಕಾರಣಕ್ಕೆ ಕಾಲೇಜು ಅವಳನ್ನು ಹೊರಗೆ ಹಾಕಿತು. 1962ರಲ್ಲಿ ಅವಳೂ ಗೆಳೆಯರೂ ಸೇರಿ ‘ಫ್ರೀಡಂ ಸಿಂಗರ್ಸ್’ ತಂಡ ಕಟ್ಟಿ, ಊರೂರು ಸುತ್ತಿ ಚಳವಳಿಗೆ ಹಣ ಕೂಡಿಸಿದರು. ಮುಂದೆ ಆಕೆ ಚರಿತ್ರೆಯಲ್ಲಿ ಡಾಕ್ಟರೇಟು ಪಡೆದು, ತಾನು ಹಾಡಿದ ಹಾಡುಗಳ ಚರಿತ್ರೆಯನ್ನು ತಾನೇ ಬರೆದರು. ಇದು ನಮಗೆ ದೊಡ್ಡ ಪಾಠ.

1965ರಲ್ಲಿ ಪಕ್ಕದ ಪದ ‘ಹೈವೇ’ ಆಯಿತು. ಮಾರ್ಚ್ 7ರಂದು ಸೆಲ್ಮಾ ಊರಿನ ಸೇತುವೆಯ ಮೇಲೆ ಮತದಾನದ ಹಕ್ಕು ಕೇಳಿ ಹೊರಟವರನ್ನು ಪೊಲೀಸರು ಲಾಠಿಯಿಂದ, ಕುದುರೆಗಳಿಂದ ತುಳಿಸಿದರು. ಅದೇ ತಿಂಗಳು ಜನ ಮತ್ತೆ ಹೊರಟು, ಮಾಂಟ್‌ಗೊಮರಿಗೆ 54 ಮೈಲಿ ನಡೆದೇ ಮುಟ್ಟಿದರು. ಚಿಕ್ಕಂದಿನಲ್ಲಿ ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ಬೆಳೆದ ಪಾಪ್ಸ್ ಸ್ಟೇಪಲ್ಸ್ ‘ಫ್ರೀಡಂ ಹೈವೇ’ ಬರೆದು, ಏಪ್ರಿಲ್ ತಿಂಗಳಲ್ಲಿ ಷಿಕಾಗೋದ ಚರ್ಚೊಂದರಲ್ಲಿ ಮಕ್ಕಳ ಜೊತೆ ಹಾಡಿದರು. ಆಗಸ್ಟ್ 6ಕ್ಕೆ ಮತದಾನದ ಹಕ್ಕಿನ ಕಾಯಿದೆ ಬಂತು. ‘ಓ’ ಅಂತ ಆಕಾಶ ನೋಡುತ್ತಿದ್ದ ಪದ ಇಲ್ಲಿ ಟಾರು ರಸ್ತೆಗೆ ಇಳಿಯಿತು. ಇಷ್ಟಾಗಿ, 2013ರಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯ ಒಂದು ಮುಖ್ಯ ಹಲ್ಲನ್ನೇ ಕಿತ್ತಿತು. ಅವ್ವನ ಪ್ರಶ್ನೆಗೆ ಉತ್ತರ ಇಲ್ಲಿದೆ: ಸಿಕ್ಕಿದ್ದನ್ನೂ ಕಿತ್ತುಕೊಳ್ಳುತ್ತಾರೆ. ಅದಕ್ಕೇ ಮತ್ತೆ ಹಾಡುತ್ತಾರೆ.

1969ರಲ್ಲಿ ವುಡ್‌ಸ್ಟಾಕ್ ಸಂಗೀತ ಮೇಳ ಶುರುವಾದ ದಿನ ಆಗಸ್ಟ್ 15. ಬೇರೆ ಗಾಯಕರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಮೊದಲು ವೇದಿಕೆ ಹತ್ತಿದ ರಿಚಿ ಹೇವನ್ಸ್ ಬಳಿ ಹಾಡೆಲ್ಲ ಮುಗಿದುಹೋದವು. ನಿಂತ ನಿಲುವಿನಲ್ಲೇ ‘ಫ್ರೀಡಂ’ ಎಂಬ ಒಂದೇ ಪದವನ್ನು ಮತ್ತೆ ಮತ್ತೆ ಕೂಗುತ್ತಾ, ಅದಕ್ಕೆ ತಬ್ಬಲಿ ಮಗುವಿನ ಬಗೆಗಿನ ಗುಲಾಮರ ಕಾಲದ ಹಾಡೊಂದನ್ನು ಸೇರಿಸಿದರು. ಪದ ಇಲ್ಲಿ ಒಂಟಿ. ಮಾರ್ಟಿನ್ ಲೂಥರ್ ಕಿಂಗರನ್ನು ಕೊಂದು ಆಗ ಒಂದು ವರ್ಷವಾಗಿತ್ತು.

ಈ ಚರಿತ್ರೆಗೂ ನಮಗೂ ನಡುವೆ ಇರುವ ದಾರಿ ನಾನು ಎಳೆದು ತಂದದ್ದಲ್ಲ. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಹಾರ್ಲೆಮ್ಮಿನ ಮಗ್ಗುಲಲ್ಲೇ ಇದೆ. 1946ರಲ್ಲಿ ಅವರು ಕಪ್ಪು ಜನರ ವಿದ್ವಾಂಸ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದರು. 1972ರಲ್ಲಿ ಮುಂಬಯಿಯ ಹುಡುಗರು ಬ್ಲ್ಯಾಕ್ ಪ್ಯಾಂಥರ್ ಹೆಸರು ನೋಡಿ ದಲಿತ ಪ್ಯಾಂಥರ್ ಕಟ್ಟಿದರು. ದೇಶಕ್ಕೆ 25 ತುಂಬಿದ ಆ ವರ್ಷದ ಆಗಸ್ಟ್ 15ನ್ನು ಅವರು ‘ಕಾಳಾ ಸ್ವಾತಂತ್ರ್ಯ ದಿನ’ ಎಂದು ಕರೆದರು. ನೋಡಿ, ಇಲ್ಲೂ ಪಕ್ಕದಲ್ಲಿ ಒಂದು ಪದ! ಆ ಹೆಸರಿನಲ್ಲಿ ಬಂದ ಬರಹಕ್ಕೆ ಮಹಾರಾಷ್ಟ್ರ ಕುದಿಯಿತು. ಕನ್ನಡದಲ್ಲಿ ಸಿದ್ಧಲಿಂಗಯ್ಯನವರು ಸ್ವಾತಂತ್ರ್ಯದ ಪಕ್ಕಕ್ಕೆ ಪ್ರಶ್ನೆಯನ್ನೇ ನಿಲ್ಲಿಸಿದರು. ಹಂಗಂತ ಜಾತಿಯೂ ಬಣ್ಣವೂ ಒಂದೇ ಅಲ್ಲ. ಅವರ ಹಾಡು ತಂದು ನಮ್ಮ ಕೇರಿಯಲ್ಲಿ ಹಾಕಿದರೆ ಕೆಲಸ ಮುಗಿಯಿತು ಅಂತಲೂ ಅಲ್ಲ.

ಪಟ್ಟಿಯ ಕೊನೆಯದು 2016ರ ‘ಫ್ರೀಡಂ’. ಹಾಡಿದವರು ಬಿಯಾನ್ಸೆ, ಜೊತೆಗೆ ಕೆಂಡ್ರಿಕ್ ಲಮಾರ್. 2024ರಲ್ಲಿ ಕಮಲಾ ಹ್ಯಾರಿಸ್ ಅವರ ಚುನಾವಣಾ ಪ್ರಚಾರಕ್ಕೆ ಇದೇ ಹಾಡು. ಒಂದು ಕಾಲಕ್ಕೆ ಕಂಪನಿ ಅಂಜಿ ಅಳಿಸಿದ ಪದ ಈಗ ಕೋಟಿಗಟ್ಟಲೆ ಡಾಲರಿನ ವೇದಿಕೆ ಏರಿದೆ. ಇದು ಗೆಲುವೋ ಸೋಲೋ ಅಂತ ವಾದ ಮಾಡಬಹುದು. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಆ ಹಾಡಿನೊಳಗೆ ಬೆರೆಸಿರುವ ಒಂದು ಹಳೆಯ ದನಿ. 1947ರಲ್ಲಿ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಜೈಲೊಂದರಲ್ಲಿ ರೆಕಾರ್ಡು ಮಾಡಿಕೊಂಡ ಕೈದಿಗಳ ಹಾಡು ಅದು. ಯಾವ ಜೈಲು? ಪಾರ್ಚ್‌ಮನ್. ಫ್ರೀಡಂ ರೈಡರ್ಸ್ ಹಾಸಿಗೆ ಕಳೆದುಕೊಂಡ ಅದೇ ಪಾರ್ಚ್‌ಮನ್. 13ನೇ ತಿದ್ದುಪಡಿಯ ಕಳ್ಳಗಿಂಡಿಯಿಂದ ನುಸುಳಿ, ಕೈದಿಗಳನ್ನು ಹತ್ತಿ ಹೊಲದಲ್ಲಿ ದುಡಿಸಿದ ಸಾವಿರಾರು ಎಕರೆಯ ಜೈಲು. 1947 ನಮಗೆ ಬಾವುಟದ ವರ್ಷ. ಆ ದನಿಯ ಒಡೆಯನ ಹೆಸರು ಏನು? ರೆಕಾರ್ಡಿನ ಮೇಲೆ ಇರುವುದು ‘ಕೈದಿ 22’ ಅಂತ ಮಾತ್ರ.

ಗೆಳೆಯರೇ, ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಈ ಲೇಖನ ಬರೆದದ್ದು ಈ ಒಂದು ಮಾತಿಗಾಗಿ. ನನ್ನ ಅಜ್ಜಿ ನಾಟಿ ಹಾಕುವಾಗ ಬಿಡುಗಡೆಯ ಪದ ಹೇಳುತ್ತಿದ್ದಳು ಅಂತ ಅವ್ವ ಹೇಳುತ್ತಾಳೆ. ನಾನು ಬರೆದಿಟ್ಟುಕೊಳ್ಳಲಿಲ್ಲ, ಅವಳೂ ಹೋದಳು. ನಿಮ್ಮ ಕೇರಿಯಲ್ಲಿ ಸ್ವಾತಂತ್ರ್ಯ, ಬಿಡುಗಡೆ, ಬುಡುಗಡೆ ಅಂತ ಯಾರು ಹಾಡಿದರೂ ಬರೆದುಕೊಳ್ಳಿ. ಆ ಪದದ ಪಕ್ಕ ಏನಿದೆ ನೋಡಿ. ಮುಖ್ಯವಾಗಿ ಹಾಡಿದವರ ಹೆಸರು, ಊರು, ಹಾಡಿದ ದಿನ ಬರೆಯಿರಿ. ನಮ್ಮವರು ಯಾರ ಹಾಡಿನೊಳಗೂ ಬರೀ ನಂಬರಾಗಿ ಉಳಿಯಬಾರದು.