ಕಂಪನಿ ಮಾರಾಟವಾಯಿತು, ಊರು ಆಗಲಿಲ್ಲ

ಬೋರ್ನ್‌ವಿಲ್ ಎಂಬ ಕಪ್ಪು ಚಾಕೊಲೇಟ್ ನಮ್ಮ ಪೇಟೆಯ ಅಂಗಡಿಗಳಲ್ಲೂ ಸಿಗುತ್ತದೆ. ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಒಂದು ಬಡಾವಣೆಯ ಹೆಸರು. ಆ ಬಡಾವಣೆಯ ಕಥೆಯಲ್ಲಿ ಚಾಕೊಲೇಟಿಗಿಂತ ಜಮೀನಿನ ವಿಚಾರವೇ ದೊಡ್ಡದು. ಅದಕ್ಕೇ ಇಲ್ಲಿ ಹೇಳುತ್ತಿದ್ದೇವೆ.

19ನೇ ಶತಮಾನದ ಬರ್ಮಿಂಗ್‌ಹ್ಯಾಮಿನಲ್ಲಿ ಎಷ್ಟೋ ಕಾರ್ಮಿಕರ ಮನೆಗಳು ಒಂದರ ಬೆನ್ನಿಗೊಂದು ಅಂಟಿಕೊಂಡಿದ್ದವು. ಹಲವು ಕುಟುಂಬಗಳಿಗೆ ಒಂದೇ ನಲ್ಲಿ, ಒಂದೇ ಅಂಗಳದ ಕಕ್ಕಸು. 1879ರಲ್ಲಿ ರಿಚರ್ಡ್ ಮತ್ತು ಜಾರ್ಜ್ ಕ್ಯಾಡ್ಬರಿ ಎಂಬ ಅಣ್ಣತಮ್ಮಂದಿರು ತಮ್ಮ ಕಾರ್ಖಾನೆಯನ್ನು ನಗರದಿಂದ ನಾಲ್ಕು ಮೈಲಿ ಆಚೆ, ಹೊಲಗಳ ನಡುವೆ ಕಟ್ಟಿದರು. ಪಕ್ಕದಲ್ಲಿ ಹರಿಯುವ ಬೋರ್ನ್ ಹಳ್ಳದಿಂದ ಊರಿಗೆ ಹೆಸರು ಬಂತು.

ಜಾರ್ಜ್ 120 ಎಕರೆ ಕೊಂಡು 1895ರಲ್ಲಿ ಮನೆ ಕಟ್ಟಿಸತೊಡಗಿದರು. ನಿವೇಶನದ ಕಾಲು ಭಾಗಕ್ಕಿಂತ ಹೆಚ್ಚು ಜಾಗವನ್ನು ಕಟ್ಟಡ ತಿನ್ನಬಾರದು, ಉಳಿದದ್ದು ಹಿತ್ತಿಲು. ಅಲ್ಲಿ ಹಣ್ಣಿನ ಗಿಡಗಳನ್ನು ಮೊದಲೇ ನೆಟ್ಟು ಕೊಡುತ್ತಿದ್ದರು. ತಮ್ಮ ಕಾರ್ಖಾನೆಯ ಕೆಲಸಗಾರರಿಗಷ್ಟೇ ಅಲ್ಲ, ಹೊರಗಿನವರಿಗೂ ಮನೆ ಸಿಕ್ಕಿತು.

ಮೊದಲ ಮನೆಗಳನ್ನು ಅಸಲು ಬೆಲೆಗೆ, 999 ವರ್ಷದ ಗುತ್ತಿಗೆಗೆ ಕೊಟ್ಟಿದ್ದರು. ಆದರೆ ಕೆಲವರು ಅವನ್ನೇ ಲಾಭಕ್ಕೆ ಮಾರಿಕೊಂಡರು. ಹೀಗೇ ಬಿಟ್ಟರೆ ಬಡವರ ಮನೆ ಬಡವರ ಕೈತಪ್ಪುತ್ತದೆ ಎಂದು ಜಾರ್ಜ್ 1900ರಲ್ಲಿ 330 ಎಕರೆ ಜಮೀನನ್ನೂ 300ಕ್ಕೂ ಹೆಚ್ಚು ಮನೆಗಳನ್ನೂ ಒಂದು ಟ್ರಸ್ಟಿಗೆ ಬರೆದುಕೊಟ್ಟರು. ಅದೇ ಬೋರ್ನ್‌ವಿಲ್ ವಿಲೇಜ್ ಟ್ರಸ್ಟ್. ಬಾಡಿಗೆ ಹಣ ಅವರ ಮನೆಗೆ ಹೋಗುವಂತಿರಲಿಲ್ಲ, ಊರಿಗೇ ಖರ್ಚಾಗಬೇಕಿತ್ತು.

ಊರ ನಡುವಿನ ಹುಲ್ಲುಬಯಲಿನ ಸುತ್ತ ಶಾಲೆ, ಪ್ರಾರ್ಥನಾ ಮಂದಿರ ಎದ್ದವು. 1906ರಲ್ಲಿ ಶಾಲೆಯ ಗೋಪುರಕ್ಕೆ ರಾಗ ನುಡಿಸುವ ಗಂಟೆಗಳು ಬಂದವು. ಸೆಲ್ಲಿ ಮ್ಯಾನರ್ ಎಂಬ ಹಳೆಯ ಮನೆಯನ್ನು ಪಕ್ಕದ ಊರಿನಿಂದ ಬಿಚ್ಚಿ ತಂದು ಮತ್ತೆ ನಿಲ್ಲಿಸಿ ಮ್ಯೂಸಿಯಂ ಮಾಡಿದರು. ಹೆಂಡದಂಗಡಿಗೆ ಮಾತ್ರ ಜಾಗವಿರಲಿಲ್ಲ. ಕ್ಯಾಡ್ಬರಿಗಳು ಮದ್ಯ ವಿರೋಧಿಸುವ ಕ್ವೇಕರ್ ಪಂಥದವರು. ಕೊಟ್ಟವರ ಕಟ್ಟುಪಾಡು ಊರಿನ ಮೇಲೂ ಬಿತ್ತು ಎನ್ನುವುದನ್ನೂ ಹೇಳಲೇಬೇಕು.

1911ರಲ್ಲಿ ಊರು ಬರ್ಮಿಂಗ್‌ಹ್ಯಾಮಿಗೆ ಸೇರಿತು. 1922ರಲ್ಲಿ ಜಾರ್ಜ್ ತೀರಿಕೊಂಡರು. 2010ರಲ್ಲಿ ಕ್ಯಾಡ್ಬರಿ ಕಂಪನಿಯನ್ನು ಅಮೆರಿಕದ ಕ್ರಾಫ್ಟ್ ಕೊಂಡಿತು. ಕಾರ್ಖಾನೆ ಕೈಬದಲಾಯಿತು. ಆದರೆ ಟ್ರಸ್ಟಿನ ಜಮೀನು ಕಂಪನಿಯದಲ್ಲ, ಹಾಗಾಗಿ ಅದು ಮಾರಾಟಕ್ಕೆ ಬರಲೇ ಇಲ್ಲ. ಇಂದು ಟ್ರಸ್ಟ್ ಸುಮಾರು 1,000 ಎಕರೆ ನೋಡಿಕೊಳ್ಳುತ್ತಿದೆ.

ಊರಿಗೆ ಜಾಗ ಕೊಡುತ್ತೇನೆಂದು ಯಾರಾದರೂ ಮುಂದೆ ಬಂದರೆ ಹಾರ ಹಾಕೋಣ, ಸನ್ಮಾನ ಮಾಡೋಣ. ಅದಕ್ಕೂ ಮೊದಲು ಪತ್ರ ಯಾರ ಹೆಸರಿಗಿದೆ ಎಂದು ಓದಿ ನೋಡೋಣ.