ಹದಿನಾಲ್ಕರ ತಕರಾರು

1936ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಒಂದು ಹಸ್ತಪ್ರತಿಯನ್ನು ತಮ್ಮ ಹತ್ತು ವರ್ಷದ ಮಗ ರೇನರ್‌ನ ಕೈಗಿಟ್ಟರು. ಮಕ್ಕಳ ಪುಸ್ತಕ ಹೇಗಿದೆಯೆಂದು ಮಕ್ಕಳೇ ಹೇಳಬೇಕು ಎಂಬುದು ಅವರ ನಂಬಿಕೆ. ಹುಡುಗ ಓದಿ ಒಂದು ಚೀಟಿ ಬರೆದುಕೊಟ್ಟ. ಭೂಪಟಗಳಿದ್ದರೆ ಸಾಕು, ಚಿತ್ರಗಳು ಬೇಡ. ಐದರಿಂದ ಒಂಬತ್ತು ವರ್ಷದವರಿಗೆಲ್ಲ ಇದು ಹಿಡಿಸುತ್ತದೆ ಎಂಬುದು ಅವನ ತೀರ್ಪಿನ ಸಾರ. ಕೂಲಿ ಒಂದು ಶಿಲ್ಲಿಂಗ್. ಮುಂದಿನ ವರ್ಷ ಟೋಲ್ಕಿನ್ನರ ‘ದಿ ಹಾಬಿಟ್’ ಅಚ್ಚಾಯಿತು.

ಸಾಹಿತ್ಯ ಚರಿತ್ರೆಯಲ್ಲಿ ಇಂಥ ಚೀಟಿಗಳು ಉಳಿದಿರುವುದು ಕಡಿಮೆ. ಲೇಖಕರ ಪತ್ರಗಳನ್ನು ಕಾಪಿಡುತ್ತೇವೆ, ವಿಮರ್ಶಕರ ಮಾತನ್ನು ಗ್ರಂಥಾಲಯದಲ್ಲಿಡುತ್ತೇವೆ. ಹತ್ತು, ಹನ್ನೆರಡು, ಹದಿನಾಲ್ಕು ವರ್ಷದವರು ಓದಿ ಏನಂದುಕೊಂಡರು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಆದರೂ ಆ ಅಭಿಪ್ರಾಯಗಳಿಗೆ ಒಂದು ಚರಿತ್ರೆಯಿದೆ. ನಮ್ಮ ಕಡೆ ಅದನ್ನು ಹುಡುಕಲು ಹೊರಟರೆ ಮೊದಲು ಸಿಗುವುದು ಮದರಾಸು, ಅಲ್ಲಿನ ‘ಚಂದಮಾಮ’.

ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈನಲ್ಲಿ ತೆಲುಗು, ತಮಿಳುಗಳಲ್ಲಿ ಚಂದಮಾಮ ಆರಂಭಿಸಿದರು. ಎರಡು ವರ್ಷಕ್ಕೆ ಕನ್ನಡದಲ್ಲೂ ಬಂತು. ಇದೇ ಜೋಡಿ 1951ರಲ್ಲಿ ‘ಪಾತಾಳಭೈರವಿ’ ಸಿನಿಮಾ ತೆಗೆದದ್ದು. 1952ರಿಂದ ಸಂಪಾದಕತ್ವದ ಹೊಣೆ ಹೊತ್ತವರು ತೆಲುಗಿನ ದೊಡ್ಡ ಲೇಖಕ ಕೊಡವಟಿಗಂಟಿ ಕುಟುಂಬರಾವ್. ಅದೇ ವರ್ಷ ಸೇರಿದ ದಾಸರಿ ಸುಬ್ರಹ್ಮಣ್ಯಂ 1954ರಲ್ಲಿ ‘ತೋಕಚುಕ್ಕ’ ಎಂಬ ಧಾರಾವಾಹಿ ಶುರುಮಾಡಿದರು. ತೋಕಚುಕ್ಕ ಎಂದರೆ ಬಾಲಚುಕ್ಕಿ, ಧೂಮಕೇತು. ಅಲ್ಲಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಒಂದಾದ ಮೇಲೊಂದು ಬಂದವು: ಮೂವರು ಮಾಂತ್ರಿಕರು, ಕಂಚಿನ ಕೋಟೆ, ಜ್ವಾಲಾದ್ವೀಪ, ರಾಕ್ಷಸರ ಕಣಿವೆ, ಪಾಳುಬಿದ್ದ ಗುಡಿ, ಯಕ್ಷಪರ್ವತ, ಮಾಯಾಸರೋವರ. ಚಿತ್ರಾ ಅವರ ರೇಖೆಗಳಲ್ಲಿ ನರಮುಖದ ಪಕ್ಷಿಗಳೂ ಮೊಸಳೆ ಚರ್ಮದ ಯೋಧರೂ ಎದ್ದು ಬರುತ್ತಿದ್ದರು. ಬರೆದವರ ಹೆಸರು ಮಾತ್ರ ಬಹುಪಾಲು ಓದುಗರಿಗೆ ಗೊತ್ತೇ ಇರಲಿಲ್ಲ.

ಇಂದು ಇಂಗ್ಲಿಷಿನಲ್ಲಿ ‘ಯಂಗ್ ಅಡಲ್ಟ್ ಫ್ಯಾಂಟಸಿ’ ಎಂದು ಬೇರೆ ಕಪಾಟಿನಲ್ಲಿಟ್ಟು ಮಾರುವ ಬಗೆಯ ಕತೆ ದಕ್ಷಿಣ ಭಾರತದ ಮನೆಗಳಿಗೆ ಬಂದದ್ದು ಹೀಗೆ, ತಿಂಗಳಿಗೊಮ್ಮೆ. ಇದರಲ್ಲಿ ನಾಯಕರು ಸಾಮಾನ್ಯವಾಗಿ ಇಬ್ಬರು ತರುಣರು. ಯಕ್ಷಪರ್ವತದಲ್ಲಿ ಖಡ್ಗವರ್ಮ, ಜೀವದತ್ತ. ಮಾಯಾಸರೋವರದಲ್ಲಿ ಜಯಶೀಲ, ಸಿದ್ಧಸಾಧಕ. ದೇವರ ವರಕ್ಕಿಂತ ತಮ್ಮ ಜಾಣ್ಮೆ, ತೋಳ್ಬಲ, ಗೆಳೆತನಗಳನ್ನು ನೆಚ್ಚಿಕೊಂಡವರು.

ಓದುಗರ ಅಭಿಪ್ರಾಯ ಗೊತ್ತಾದದ್ದು ಈ ಸರಣಿ ತುಂಡಾದಾಗ. 1960ರ ದಶಕದ ನಡುವಿನಲ್ಲಿ ದಾಸರಿಯವರ ಧಾರಾವಾಹಿಗೆ ಬದಲಾಗಿ ಬಂಕಿಮಚಂದ್ರರ ‘ದುರ್ಗೇಶನಂದಿನಿ’ ಬಂತು, ಅದರ ಬೆನ್ನಿಗೆ ‘ನವಾಬನಂದಿನಿ’. ದುರ್ಗೇಶನಂದಿನಿ ಸಾಮಾನ್ಯ ಕೃತಿಯಲ್ಲ. ಬಿ. ವೆಂಕಟಾಚಾರ್ಯರ ಅನುವಾದದಲ್ಲಿ ಅದನ್ನು ಓದಿ ಕಾದಂಬರಿಯ ರುಚಿ ಹತ್ತಿಸಿಕೊಂಡ ಕನ್ನಡಿಗರ ತಲೆಮಾರೇ ಇತ್ತು. ಆದರೆ ಚಂದಮಾಮದ ಹುಡುಗ ಹುಡುಗಿಯರು ಅದನ್ನು ಒಪ್ಪಲಿಲ್ಲ ಎಂಬುದು ಪತ್ರಿಕೆಯ ಹಳೆಯ ಅಭಿಮಾನಿಗಳ ನಡುವೆ ಇಂದಿಗೂ ಚಾಲ್ತಿಯಲ್ಲಿರುವ ಮಾತು. ದಾಸರಿ ‘ಪಾತಾಳದುರ್ಗಂ’ ಹಿಡಿದು ಮರಳಿದರು. ಹಿರಿಯರು ಒಳ್ಳೆಯದೆಂದು ಆರಿಸಿದ್ದಕ್ಕೂ ಕಿರಿಯರು ಬೇಕೆಂದು ಕೇಳಿದ್ದಕ್ಕೂ ಜಟಾಪಟಿ ನಡೆದು, ಕಿರಿಯರು ಗೆದ್ದ ಅಪರೂಪದ ಸಂದರ್ಭ ಅದು.

ಇದನ್ನು ‘ಮಕ್ಕಳಿಗೆ ಮಾಯಾಮಂತ್ರ ಇಷ್ಟ’ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡಬಹುದು. ಹಾಗೆ ಮುಗಿಸಬಾರದೆಂದು ನನಗೆ ಅನ್ನಿಸತೊಡಗಿದ್ದು ಹೈದರಾಬಾದಿನಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಒಬ್ಬ ಓದುಗಳ ಜೊತೆ ಮಾತಾಡುತ್ತಾ. ಅವಳಿಗೆ ಹದಿನಾಲ್ಕು, ಒಂಬತ್ತನೇ ಕ್ಲಾಸು. ಮನೆಯವರು ರಾಯಚೂರು ಕಡೆಯವರು, ಮನೆಮಾತು ಕನ್ನಡ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ. ತೆಲಂಗಾಣದ 2018ರ ಕಾಯ್ದೆಯ ಪ್ರಕಾರ ತೆಲುಗು ಕಡ್ಡಾಯ. ಕನ್ನಡ ಅಕ್ಷರವನ್ನು ಯಾರೂ ಕಲಿಸಿಲ್ಲ. ತೆಲುಗು ಲಿಪಿ ಬರುವುದರಿಂದ, ಅಕ್ಕತಂಗಿಯರ ಮುಖಹೋಲಿಕೆ ಹಿಡಿದ ಹಾಗೆ, ತಡವರಿಸಿಕೊಂಡು ಕನ್ನಡವನ್ನೂ ಓದುತ್ತಾಳೆ. ಓದಿ ರಾಶಿ ಹಾಕಿರುವುದು ಮಾತ್ರ ಇಂಗ್ಲಿಷ್ ಪುಸ್ತಕಗಳನ್ನು: ಹ್ಯಾರಿ ಪಾಟರ್, ಪರ್ಸಿ ಜಾಕ್ಸನ್, ಹಂಗರ್ ಗೇಮ್ಸ್, ಡೈವರ್ಜೆಂಟ್. ಅರ್ಧದಷ್ಟು ಆಬಿಡ್ಸ್‌ನ ಭಾನುವಾರದ ಫುಟ್‌ಪಾತ್ ಅಂಗಡಿಗಳಿಂದ ತಂದವು. ಅವುಗಳ ಬಗ್ಗೆ ಅವಳಿಗೆ ಖಡಕ್ ಅಭಿಪ್ರಾಯಗಳಿವೆ. ಮುಖ್ಯವಾದವು ಮೂರು. ಮೂರಕ್ಕೂ ಅವಳಿಗಿಂತ ಬಹಳ ಹಿಂದಿನ ಬೇರುಗಳಿವೆ.

ಮೊದಲನೆಯದು: ಮಾಯೆಗೂ ಕಾನೂನು ಇರಬೇಕು. ವೆರೊನಿಕಾ ರಾತ್ ಬರೆದ ಡೈವರ್ಜೆಂಟ್ ಸರಣಿಯ ಮೊದಲ ಪುಸ್ತಕ ಬಂದದ್ದು 2011ರಲ್ಲಿ. ಅದರಲ್ಲಿ ಒಂದು ನಗರದ ಜನ ಗುಣಕ್ಕೆ ತಕ್ಕಂತೆ ಐದು ಬಣಗಳಾಗಿ ಬದುಕುತ್ತಾರೆ. 2013ರ ಮೂರನೇ ಪುಸ್ತಕಕ್ಕೆ ಬರುವಷ್ಟರಲ್ಲಿ ಇಡೀ ನಗರವೇ ವಂಶವಾಹಿಗಳ ಮೇಲಿನ ಒಂದು ಪ್ರಯೋಗವಾಗಿತ್ತು ಎಂದು ತಿಳಿಯುತ್ತದೆ, ನಾಯಕಿ ಸಾಯುತ್ತಾಳೆ. ಅನೇಕ ಓದುಗರು ಸಿಟ್ಟಾದದ್ದು ಆ ಸಾವಿಗೆ. ಇವಳ ಸಿಟ್ಟು ಬೇರೆ. “ಸತ್ರೆ ಸಾಯಲಿ ಅಕ್ಕಾ. ಮೊದಲು ಒಂದು ಹೇಳಿ ಆಮ್ಯಾಲೆ ಇನ್ನೊಂದು ಹೇಳೋದು ಮೋಸ.” ಮಿಕ್ಕ ಎಲ್ಲ ಚರ್ಚೆ ಇಂಗ್ಲಿಷಿನಲ್ಲಿ ನಡೆಯುತ್ತದೆ, ಈ ‘ಮೋಸ’ ಮಾತ್ರ ಕನ್ನಡದಲ್ಲೇ ಬಂತು.

ಕತೆಗಾರರೂ ಕೇಳುಗರೂ ಮಾಡಿಕೊಂಡ ಈ ಕರಾರು ಹಳೆಯದು. 1883ರಿಂದ ಲಖನೌದ ನವಲ್ ಕಿಶೋರ್ ಪ್ರೆಸ್ ಅಚ್ಚುಹಾಕಿದ ಉರ್ದುವಿನ ಮಹಾಕತೆ ‘ತಿಲಿಸ್ಮ್-ಎ-ಹೋಶ್‌ರುಬಾ’ದಲ್ಲಿ ಮಾಂತ್ರಿಕರು ಕಟ್ಟಿದ ಲೋಕಕ್ಕೆ ತಿಲಿಸ್ಮ್ ಎಂದು ಹೆಸರು. ಎಂಥ ತಿಲಿಸ್ಮ್ ಆದರೂ ಅದನ್ನು ಒಡೆಯುವ ಬಗೆಯನ್ನು ಬರೆದಿಟ್ಟ ಒಂದು ಫಲಕ ಎಲ್ಲೋ ಇರಲೇಬೇಕು. ನಮ್ಮ ಜಾನಪದ ಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಗಿಳಿಯಲ್ಲಿದೆ ಎಂದ ಮೇಲೆ ಅವನು ಕತ್ತಿಯಿಂದ ಸಾಯಕೂಡದು. ಲೋಕ ಎಷ್ಟು ವಿಚಿತ್ರವಾಗಿದ್ದರೂ ಸರಿ, ಕೊಟ್ಟ ಮಾತು ಉಳಿಯಬೇಕು. ದೊಡ್ಡವರು ದಿನವೂ ನಿಯಮ ಬದಲಿಸುವ ವಯಸ್ಸಿನಲ್ಲಿ ಇರುವವರಿಗೆ ಇದು ಸಣ್ಣ ವಿಷಯವಲ್ಲ.

ಎರಡನೆಯ ತಕರಾರು, ಆಯ್ಕೆಯಾದವನ ಬಗ್ಗೆ. ಹುಟ್ಟಿದಾಗಲೇ ಭವಿಷ್ಯವಾಣಿ, ಹಣೆಯ ಮೇಲೊಂದು ಗುರುತು, ಅವನೊಬ್ಬನೇ ಲೋಕ ಉಳಿಸಬಲ್ಲವನು. ಹಂಗರ್ ಗೇಮ್ಸ್ ಅವಳಿಗೆ ಹಿಡಿಸಿದ್ದು ಅದರಲ್ಲಿ ಇದಿಲ್ಲದ್ದಕ್ಕೆ. ಸುಝಾನ್ ಕಾಲಿನ್ಸ್ 2008ರಲ್ಲಿ ಬರೆದ ಆ ಕತೆಯಲ್ಲಿ ಸೋತ ಹನ್ನೆರಡು ಜಿಲ್ಲೆಗಳು ಪ್ರತಿವರ್ಷ ಹನ್ನೆರಡರಿಂದ ಹದಿನೆಂಟು ವಯಸ್ಸಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ರಾಜಧಾನಿಗೆ ಕಳಿಸಬೇಕು. ಅವರು ಟೀವಿ ಕ್ಯಾಮೆರಾದ ಮುಂದೆ ಒಬ್ಬರೇ ಉಳಿಯುವವರೆಗೆ ಕೊಂದಾಡಬೇಕು. ಮನೆಯಲ್ಲಿ ಹಸಿವಿದ್ದವರು ಚೀಟಿಯಲ್ಲಿ ಹೆಸರು ಇನ್ನೊಮ್ಮೆ ಬರೆಸಿ ಧಾನ್ಯ ಪಡೆಯಬಹುದು. ಬಡವರ ಹೆಸರು ಹೆಚ್ಚು ಬರುವುದು ಹೀಗೆ. ಕ್ಯಾಟ್ನಿಸ್ ಎಂಬ ಹುಡುಗಿ ಹೋಗುವುದು ತಂಗಿಯ ಹೆಸರು ಬಂದದ್ದಕ್ಕೆ, ಅವಳ ಬದಲಿಗೆ.

ಕಾಲಿನ್ಸ್‌ಗೆ ಇದರ ಮೂಲ ಎಳೆ ಸಿಕ್ಕಿದ್ದು ಮಿನೊಟಾರನಿಗೆ ಎಳೆಯರನ್ನು ಕಳಿಸುವ ಗ್ರೀಕ್ ಪುರಾಣದಲ್ಲಿ. ನಮಗೆ ಅಷ್ಟು ದೂರ ಹೋಗಬೇಕಿಲ್ಲ, ಏಕಚಕ್ರಪುರವಿದೆ. ದಿನಕ್ಕೊಂದು ಮನೆಯವರು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ. ಅವುಗಳನ್ನು ಸಾಮ್ಯದ ಬಲದಿಂದ ಪಕ್ಕಪಕ್ಕ ಇಟ್ಟು ತೋರಿಸಿದಾಗ ಅವಳು ಒಪ್ಪಿ, ಕೂಡಲೇ ಬೇರೆ ಮಾಡಿದಳು. “ಅಲ್ಲಿ ಭೀಮ ಹೊರಗಿಂದ ಬಂದ. ಇಕಿಗೆ ಯಾರೂ ಬರಂಗಿಲ್ಲ, ಇಕಿನೇ ಹೋಗಬೇಕು. ಭೀಮ ಬರೋತನಕ ಆ ಊರಾಗ ಎಷ್ಟು ಮಂದಿ ಸತ್ತಿರಬೇಕು? ಅವರ ಹೆಸರು ಯಾರಿಗರ ಗೊತ್ತದೇನು?” ಬಕಾಸುರನ ಕತೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಈ ಪ್ರಶ್ನೆ ಮಾತ್ರ ಹೊಸದು.

ಭೀಮನಿಗಾಗಿ ಕಾಯುವುದು ನಮ್ಮ ಸಂಪ್ರದಾಯದಲ್ಲಿ ಆಳವಾಗಿದೆ. ಕೇಡಿನ ಭವಿಷ್ಯವನ್ನು ಚಿತ್ರಿಸುವ ಬರಹವೂ ಇಲ್ಲಿಗೆ ಇಂಗ್ಲಿಷಿನಿಂದ ಬಂದದ್ದಲ್ಲ. ಈಗಿನ ಯಾದಗಿರಿ ಜಿಲ್ಲೆಯ ಕೊಡೇಕಲ್ಲ ಬಸವಣ್ಣನ ಪರಂಪರೆಯ ಕಾಲಜ್ಞಾನಗಳು, ತೆಲುಗಿನ ಪೋತುಲೂರಿ ವೀರಬ್ರಹ್ಮೇಂದ್ರಸ್ವಾಮಿಯ ಕಾಲಜ್ಞಾನ, ಇವೆಲ್ಲ ಮುಂದೆ ಬರಲಿರುವ ಬರ, ಯುದ್ಧ, ಕೆಟ್ಟ ಅರಸರನ್ನು ಎಣಿಸಿ ಹೇಳುತ್ತವೆ. 1984ರಲ್ಲಿ ಎನ್.ಟಿ. ರಾಮರಾವ್ ಬ್ರಹ್ಮೇಂದ್ರಸ್ವಾಮಿಯಾಗಿ ತೆರೆಗೆ ಬಂದರು. ಹೈದರಾಬಾದಿನಲ್ಲಿ ಏನೇ ಅನಾಹುತವಾದರೂ ‘ಬ್ರಹ್ಮಂಗಾರು ಆಗಲೇ ಹೇಳಿದ್ದರು’ ಎನ್ನುವವರು ಈಗಲೂ ಸಿಗುತ್ತಾರೆ. ಈ ಕಾಲಜ್ಞಾನಗಳ ಕೊನೆಯಲ್ಲಿ ವೀರವಸಂತರಾಯ ಬಂದು ಧರ್ಮರಾಜ್ಯ ಸ್ಥಾಪಿಸುತ್ತಾನೆ. ಬರುವವನೊಬ್ಬನಿದ್ದಾನೆ ಎಂಬುದು ನೊಂದವರಿಗೆ ದೊಡ್ಡ ಧೈರ್ಯ, ನಿಜ. ಅವನು ಬರುವ ತನಕ ನಾವೇನು ಮಾಡಬೇಕು ಎಂದು ಕೇಳುವುದೂ ಅಷ್ಟೇ ನ್ಯಾಯ. ಹದಿನಾಲ್ಕು ವರ್ಷದವಳು ಕೇಳುತ್ತಿರುವುದು ಅದನ್ನೇ.

ಮೂರನೆಯ ಅಭಿಪ್ರಾಯವನ್ನು ಅವಳು ವಾದವಾಗಿ ಮಂಡಿಸಲಿಲ್ಲ, ಗೊತ್ತಿರುವ ವಿಷಯವೆಂಬಂತೆ ಹೇಳಿದಳು: ಡಿಸ್ಟೋಪಿಯಾ ಮುಂದೆಂದೋ ಬರುವುದಲ್ಲ. ಆ ಪದದ ಚರಿತ್ರೆಯೂ ಅವಳ ಪರವಾಗಿದೆ. 1868ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಬ್ರಿಟನ್ನಿನ ಸಂಸತ್ತಿನಲ್ಲಿ ಅದನ್ನು ಬಳಸಿದ್ದು ಯಾವ ಕಾದಂಬರಿಯ ಬಗ್ಗೆಯೂ ಅಲ್ಲ, ಐರ್ಲೆಂಡಿನ ವಿಷಯದಲ್ಲಿ ಅಂದಿನ ಸರ್ಕಾರದ ನೀತಿಯ ಬಗ್ಗೆ.

ಹೈದರಾಬಾದಿನಲ್ಲಿ ಹತ್ತನೇ ಕ್ಲಾಸು ಹತ್ತಿರವಾದ ಮಗುವಿಗೆ ಇದನ್ನು ವಿವರಿಸಬೇಕಿಲ್ಲ. ಫಲಿತಾಂಶದ ಮರುದಿನ ಪತ್ರಿಕೆಗಳ ತುಂಬ ರ‍್ಯಾಂಕ್ ಬಂದವರ ಮುಖಗಳು, ಅಂಚೆಚೀಟಿಯಷ್ಟು ಚಿಕ್ಕವು, ಸಾಲು ಸಾಲಾಗಿ. ಇಂಟರ್‌ಮೀಡಿಯೆಟ್‌ನ ವಸತಿ ಕಾಲೇಜುಗಳಲ್ಲಿ ಬೆಳಗಿನ ಜಾವದಿಂದ ರಾತ್ರಿಯ ತನಕ ಓದು, ಪರೀಕ್ಷೆಯ ಅಂಕ ನೋಡಿ ಸೆಕ್ಷನ್ ಬದಲಾವಣೆ. 2019ರ ಏಪ್ರಿಲ್‌ನಲ್ಲಿ ತೆಲಂಗಾಣದ ಇಂಟರ್‌ಮೀಡಿಯೆಟ್ ಫಲಿತಾಂಶದಲ್ಲಿ ತಪ್ಪುಗಳು ಹೊರಬಿದ್ದವು. ಫಲಿತಾಂಶ ಬಂದ ನಂತರದ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ನಪಾಸಾದವರೆಲ್ಲರ ಉತ್ತರಪತ್ರಿಕೆಗಳನ್ನು ಉಚಿತವಾಗಿ ಮತ್ತೆ ಪರಿಶೀಲಿಸಬೇಕೆಂದು ಸರ್ಕಾರ ಆಜ್ಞೆ ಮಾಡಿತು. ಇಂಥ ಊರಿನಲ್ಲಿ ಬೆಳೆಯುವವಳು, ಎಳೆಯರನ್ನು ಸ್ಪರ್ಧೆಗಿಳಿಸಿ ಊರೆಲ್ಲ ನೋಡುವ ಕತೆಯನ್ನು ಓದಿ ‘ಇದು ಸುಳ್ಳು’ ಅನ್ನುವುದಾದರೂ ಹೇಗೆ? ‘ಇಷ್ಟು ಕರಾಳವಾದದ್ದನ್ನು ಯಾಕೆ ಓದುತ್ತೀ’ ಎಂದು ಕೇಳುವ ದೊಡ್ಡವರು, ಅವಳು ಅದನ್ನು ಪುಸ್ತಕದಿಂದ ಕಲಿತಳು ಎಂದುಕೊಂಡಿದ್ದಾರೆ. ಅವಳಿಗೆ ಪುಸ್ತಕದಲ್ಲಿ ಸಿಕ್ಕಿದ್ದು ಅದನ್ನು ಹೇಳುವ ಮಾತು.

ಆ ಮಾತು ಕನ್ನಡದಲ್ಲಿ ಸಿಗಲಿಲ್ಲ ಎಂಬುದು ಈ ಕತೆಯ ನೋವಿನ ಭಾಗ. ಚಿಕ್ಕವರಿಗೆ ಕನ್ನಡ ಏನೂ ಕೊಟ್ಟಿಲ್ಲವೆಂದಲ್ಲ. ಶಿವರಾಮ ಕಾರಂತರು 1936ರಲ್ಲೇ ‘ಬಾಲಪ್ರಪಂಚ’ ತಂದರು. ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕತೆ ಬರೆದರು. ತೇಜಸ್ವಿಯವರ ‘ಕರ್ವಾಲೊ’, ‘ಜುಗಾರಿ ಕ್ರಾಸ್’ಗಳನ್ನು ಹೈಸ್ಕೂಲಿನಲ್ಲಿ ಓದಿ ಓದುಗರಾದವರು ಸಾವಿರಾರು ಮಂದಿ, ನಾನೂ ಒಬ್ಬಳು. ಆದರೆ ಹನ್ನೆರಡರಿಂದ ಹದಿನಾರರವರಿಗೆಂದೇ, ಅವರ ತಕರಾರನ್ನು ಕಿವಿಗೊಟ್ಟು ಕೇಳಿ, ತಿಂಗಳು ತಿಂಗಳು ಬರೆದುಕೊಟ್ಟದ್ದು ಚಂದಮಾಮದ ಧಾರಾವಾಹಿಯಂಥವು. 2007ರಲ್ಲಿ ಆ ಪತ್ರಿಕೆಯನ್ನು ಮುಂಬೈಯ ಜಿಯೋಡೆಸಿಕ್ ಕಂಪನಿ ಕೊಂಡಿತು, ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಪಂಚತಂತ್ರ ಮುಗಿಸಿದ ಮಗು ಭೈರಪ್ಪನವರ ತನಕ ಒಂದೇ ನೆಗೆತದಲ್ಲಿ ಹೋಗಬೇಕು. ನೆಗೆಯಲಾಗದವರು ಇಂಗ್ಲಿಷಿಗೆ ಹೋಗುತ್ತಾರೆ. ಕನ್ನಡನಾಡಿನ ಹೊರಗೆ ಬೆಳೆಯುವವರು ಮರಳಿ ಬರುವುದು ಕಷ್ಟ.

ಭಾಷೆಗೆ ಶಕ್ತಿಯಿಲ್ಲದೆ ಹೀಗಾಯಿತೆಂದು ನಾನು ನಂಬುವುದಿಲ್ಲ. ಒಂದು ಸಂಜೆ ಹಂಗರ್ ಗೇಮ್ಸ್‌ನ ಒಂದು ಪುಟವನ್ನು ನಾವಿಬ್ಬರೂ ಬಾಯಲ್ಲೇ ಕನ್ನಡಕ್ಕೆ ತರಲು ಕೂತೆವು. ಹಾಗೆ ಕಳಿಸಲ್ಪಡುವ ಮಕ್ಕಳಿಗೆ ಇಂಗ್ಲಿಷಿನಲ್ಲಿ ‘ಟ್ರಿಬ್ಯೂಟ್’ ಎಂದು ಹೆಸರು. ಸೋತ ರಾಜ ಗೆದ್ದವನಿಗೆ ಒಪ್ಪಿಸುವ ಕಪ್ಪ ಎಂಬರ್ಥವೂ ಗೌರವದ ಕಾಣಿಕೆ ಎಂಬರ್ಥವೂ ಅದರಲ್ಲಿವೆ. ನಾನು ‘ಕಪ್ಪ’ ಅಂದೆ, ‘ಬಲಿ’ ಅಂದೆ. ಅವಳಿಗೆ ಎರಡೂ ಹಿಡಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಪಾಳಿ ಅನ್ನೋಣ” ಅಂದಳು. ಅಜ್ಜಿ ಬಕಾಸುರನ ಕತೆ ಹೇಳುವಾಗ ‘ಇವತ್ತು ಯಾರ ಪಾಳಿ’ ಎನ್ನುತ್ತಿದ್ದರಂತೆ. ನೀರಿಗೆ, ರೇಷನ್ನಿಗೆ, ಆಸ್ಪತ್ರೆಯಲ್ಲಿ ನಿಲ್ಲುವ ಪಾಳಿಯೇ ಸಾವಿಗೂ ಬಂದರೆ ಎಷ್ಟು ಭಯವೋ ಅಷ್ಟೂ ಆ ಪದದಲ್ಲಿತ್ತು. ಅನುವಾದವೇ ಹೊಟ್ಟೆಪಾಡಾದ ನನಗೆ ಹೊಳೆಯದ ಪದ, ಕನ್ನಡ ಅಕ್ಷರವನ್ನು ತೆಲುಗಿನ ಮೂಲಕ ಓದುವವಳಿಗೆ ಹೊಳೆಯಿತು.

ಚಂದಮಾಮದಲ್ಲಿ ಧಾರಾವಾಹಿಯಷ್ಟೇ ಜನ ಕಾಯುತ್ತಿದ್ದದ್ದು ಬೇತಾಳನ ಕತೆಗೆ. ಕತೆ ಮುಗಿಸಿ ಬೇತಾಳ ಒಂದು ಪ್ರಶ್ನೆ ಕೇಳುತ್ತಾನೆ: ಇವರಲ್ಲಿ ಯಾರು ಸರಿ, ಯಾರು ತಪ್ಪು? ವಿಕ್ರಮ ಬಾಯಿ ಬಿಡುವ ಮೊದಲೇ ಓದುವ ಮಗು ತನ್ನ ತೀರ್ಪು ಕೊಟ್ಟಾಗಿರುತ್ತದೆ. ಒಂದಿಡೀ ತಲೆಮಾರಿಗೆ ಅಭಿಪ್ರಾಯ ಹೊಂದುವುದನ್ನು ಕನ್ನಡದಲ್ಲೇ ಕಲಿಸಿದ ಪುಟ ಅದು. ಅಭಿಪ್ರಾಯಗಳು ಈಗಲೂ ಹುಟ್ಟುತ್ತಿವೆ. ಅವು ಕನ್ನಡದ ಕಿವಿಗೆ ಬೀಳುತ್ತಿಲ್ಲ ಅಷ್ಟೆ.